ಮೂರು ಸಲ ಥೂ

ವೋಲೋಸ್, ಗ್ರೀಸ್

ಶ್ರೀಮತಿ ಕಲ್ಲಿರೋಯಿ ಅವರಿಗೆ,

ಬರೆಯುವ ಮುಖವಿಲ್ಲದೆಯೂ ಬರೆಯುತ್ತಿದ್ದೇನೆ, ಕ್ಷಮಿಸಿ. ಮನಸ್ಸಿನ ತೊಂದರೆಯಿರುವ ಮಕ್ಕಳ ಹೆತ್ತವರಿಗಾಗಿ ನೀವು ನಡೆಸುವ ಗುಂಪಿಗೆ ಸೋಮವಾರ ಅಮ್ಮನ ಬದಲು ಬಂದು, ಎಲ್ಲರನ್ನೂ ಬೈದು ಎದ್ದುಹೋದವಳು ನಾನು. ಮನೆಯಾಚೆ ಬಾಯಿಯೇ ಬಿಡದ ನನ್ನ ಪುಟ್ಟ ತಂಗಿ ಮೆಲ್ಪೊಳ ಫೋಟೋ ನೋಡಿ, "ಎಷ್ಟ್ ಮುದ್ದಾಗಿದಾಳಮ್ಮಾ!" ಎಂದು ಎಲ್ಲರೂ ಥೂ ಥೂ ಥೂ ಎಂದಿರಿ. ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಬೆಳೆದ ನನಗೆ ಅದು ದೃಷ್ಟಿ ತಾಗದಿರಲೆಂದು ಮಾಡುವುದೆಂದು ಗೊತ್ತಿರಲಿಲ್ಲ; ತಂಗಿಯ ಮೇಲೆ ಉಗಿದಿರೆಂದುಕೊಂಡೆ.

ಅಮ್ಮನಿಗೆ ಹೇಳಿದರೆ, "ಅಯ್ಯೋ ನನ್ನ ಪೆದ್ದು ದೊರೆಸಾನಿ!" ಎಂದು ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಕ್ಕಳು. ನಿನ್ನೆ ಬೇಕರಿಯವಳು ನನ್ನ ಹೊಸ ಕೋಟನ್ನು ಹೊಗಳಿದಾಗ ಮೆಲ್ಪೊ ಎಲ್ಲರೆದುರೇ ನನ್ನತ್ತ ತಿರುಗಿ, ಗಟ್ಟಿಯಾಗಿ ಥೂ ಥೂ ಥೂ ಎಂದಳು.

ಇನ್ನು ಅವಳು ಮಾತಾಡಿಯೇ ಆಡುತ್ತಾಳೆ. ನನ್ನ ತಪ್ಪಿಗೆ ಅಮ್ಮನ ಕುರ್ಚಿಯನ್ನು ಬೇರೆಯವರಿಗೆ ಕೊಡಬೇಡಿ. ಈ ಸೋಮವಾರ ಅಮ್ಮನೂ ನಾನೂ ಬರಬಹುದೇ? ದಯವಿಟ್ಟು ಬೇಗ ಉತ್ತರಿಸಿ.

ಇಂತಿ,
ಫಿಲಿಪ್ಪಾ ಹಾರ್ಗ್ರೀವ್ಸ್
ಮೊದಲ ವರ್ಷದ ವಿದ್ಯಾರ್ಥಿನಿ