ಅಕ್ಕನಿಗೂ ಮೊದಲು ಮೊಲಗಳಿಗೆ

ಮಾರ್ಚ್ ೧೧, ಬುಧವಾರ

ಅಕ್ಕನ ಹೃದಯದ ರಕ್ತನಾಳ ಸ್ಟೆಂಟ್ ಹಾಕಿದ್ದ ಜಾಗದಲ್ಲೇ ಮತ್ತೆ ಕಿರಿದಾಗಿದೆ. ನಾಳೆ ಇನ್ನೊಂದು ಹಾಕುತ್ತಾರೆ. ಹೀಗಾಗದಿರಲೆಂದು ಸ್ಟೆಂಟಿಗೆ ಕಡಲ ಪಾಚಿಯಿಂದ ತೆಗೆದ ಪಾಲಿಸ್ಯಾಕರೈಡ್ ಎಂಬ ಅಂಟಿನಂಥ ವಸ್ತುವಿನ ಲೇಪ ಕೊಡುವುದೇ ಪ್ರಯೋಗಾಲಯದಲ್ಲಿ ನನ್ನ ಕೆಲಸ.

"ನಂಗೆ ಹಾಕೋದು ನಿಂದೇನಾ?" ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದಳು.

"ಅಲ್ಲಕ್ಕ. ನಮ್ದಿನ್ನೂ ಮೊಲಗಳ ಮೇಲೆ ನಡೀತಿದೆ. ಇನ್ನೂ ವರ್ಷಗಳು ಬೇಕು."

"ಒಡಹುಟ್ಟಿದವಳಿಗಿಂತ ಮೊಲ ಹೆಚ್ಚಾಯ್ತೇನೋ! ಮನೇಲಿ ತೊಟ್ಟಿ ಪಾಚಿ ಉಜ್ಜು ಅಂದ್ರೆ ಮೈಗಳ್ಳ, ಅಲ್ಲಿ ಕೂತು ಪಾಚಿ ಬಳೀತಾನೆ."

ನಕ್ಕೆ.

ಕೆಲಸದಲ್ಲಿ ಕೈಗವಸು ಹಾಕಿದ್ದರೂ ಬೆರಳಿಗೆ ಕಡಲಿನ ವಾಸನೆ ಅಂಟಿರುತ್ತದೆ. ಅವಳು ನನ್ನ ಕೈ ಮೂಸಿ, ಎದೆಯ ಮೇಲಿಟ್ಟುಕೊಂಡು, "ಸದ್ಯಕ್ಕೆ ಈ ಲೇಪ ಸಾಕು ಬಿಡೋ" ಎಂದಳು. ಅವಳಿಗೆ ನಿದ್ದೆ ಹತ್ತಿದ ಮೇಲೂ ಕೈ ತೆಗೆಯಲು ಮನಸ್ಸಾಗಲಿಲ್ಲ.

ಮನೆಗೆ ಬಂದು ಇನ್ನೂ ಕೈ ತೊಳೆದಿಲ್ಲ. ಬೆಳಗ್ಗೆ ಅವಳನ್ನು ಒಳಗೆ ಕರೆದೊಯ್ಯುವ ಮುನ್ನ ಒಮ್ಮೆ ಇದೇ ಕೈಯನ್ನು ಅವಳ ಎದೆಯ ಮೇಲಿಡಬೇಕು.