ಒಬ್ಬಳೇ ಮಗಳಂತೆ

ಶ್ರೀ ವೀರಭದ್ರಸ್ವಾಮಿ ಪ್ರಸನ್ನ

ಚನ್ನಗಿರಿ
೧೪-೯-೧೯೮೭, ಸೋಮವಾರ

ಚಿ. ಸೌ. ತಂಗಿ ಕಸ್ತೂರಿಗೆ ಅಕ್ಕ ಕೊಟ್ರಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹೊನ್ನಾಳಿಯಲ್ಲಿ ನೀನು, ಕಲ್ಲೇಶಪ್ಪ ಮೇಷ್ಟ್ರು, ಮಗಳು ನೀಲಾಂಬಿಕೆ ಕ್ಷೇಮವೆಂದು ನಂಬಿದ್ದೇನೆ.

ನಿನ್ನ ಮೂರು ಕಾಗದಗಳೂ ಮುಟ್ಟಿವೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಶ್ರಾವಣದಲ್ಲಿ ದಿನಾ ಮಠದಲ್ಲಿ ಪುರಾಣ, ಆಮೇಲೆ ನಮ್ಮನೆಯವರ ಮೊಣಕಾಲು ಬಾತುಕೊಂಡಿತು ಎಂದು ಬರೆಯಬಹುದು. ಎರಡೂ ನಿಜವೇ. ಆದರೆ ಅದಕ್ಕಲ್ಲ ತಡವಾದದ್ದು. ಪೆನ್ನು ಹಿಡಿದರೆ ಟೀವಿಯಲ್ಲಿ ಕೂತ ನಿನ್ನ ಮುಖವೇ ಎದುರಿಗೆ ಬರುತ್ತಿತ್ತು, ಮುಚ್ಚಿ ಇಡುತ್ತಿದ್ದೆ. ನನಗೆ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ನನಗೆ ಹೊಟ್ಟೆಕಿಚ್ಚು, ಕಸ್ತೂರಿ.

ಯುಗಾದಿಯಲ್ಲಿ ನೀನು, ಬೆಂಗಳೂರು ಟೀವಿಯ ಕುಟುಂಬದ ರಸಪ್ರಶ್ನೆಗೆ ಗಂಡ ಹೆಂಡತಿ ಮಗಳು ಮೂವರೂ ಅರ್ಜಿ ಹಾಕಿದ್ದೇವೆ ಎಂದು ಬರೆದೆಯಲ್ಲ, ಅವತ್ತೇ ಹತ್ತಿಕೊಂಡಿತು. ಮಗ ಷಣ್ಮುಖನಿಗೆ, ನಮ್ಮದೂ ಒಂದು ಅರ್ಜಿ ಬರಿ, ಚಿಕ್ಕಮ್ಮನಿಗೆ ಹೇಳಬೇಡ ಎಂದೆ. ಅವನು ನಕ್ಕ. ನೀನು ನಾಲ್ಕನೇ ಕ್ಲಾಸು, ಅಪ್ಪ ಅಡಿಕೆ ಮಂಡಿ ಬಿಟ್ಟು ಇನ್ನೊಂದು ಕಂಡವರಲ್ಲ, ಯಾರು ಉತ್ತರ ಹೇಳುತ್ತಾರೆ ಎಂದ. ಸ್ವಾಮಿಯನ್ನೇ ಕೇಳೋಣ ಎಂದು ಗುಡಿಗೆ ಹೋಗಿ ಹೂ ಕೇಳಿದೆ. ಹೂ ಎಡಕ್ಕೆ ಬಿತ್ತು. ಬೇಡ ಅಂದ ಹಾಗೆ ತಾನೇ? ನಾನು ಪೂಜಾರಿಗೆ, ಹೂವು ಒದ್ದೆ ಇತ್ತು, ಇದು ಲೆಕ್ಕಕ್ಕಿಲ್ಲ ಎಂದು ವಾದ ಮಾಡಿದೆ. ಎರಡನೇ ಸಲ ಬಲಗಡೆಯ ಹೂವನ್ನು ಸಡಿಲವಾಗಿ ಇಡಿಸಿದೆ. ಬಿತ್ತು. ಬೀಳದೆ ಏನು ಮಾಡುತ್ತದೆ.

ದಾವಣಗೆರೆಯಲ್ಲಿ ಆರಿಸುವ ದಿನ ನನ್ನನ್ನು ಅಲ್ಲಿ ಕಂಡು ನೀನು ಓಡಿ ಬಂದು ಕೈ ಹಿಡಿದೆ. "ಅಕ್ಕಯ್ಯ, ನೀನೂ ಬಂದೀಯಾ? ನಂಗೊಂದು ಮಾತು ಹೇಳಬಾರದಾಗಿತ್ತಾ?" ಎಂದೆ. ನಿಜವಾಗಿ ಹಿಗ್ಗಿದ್ದೆ ನೀನು. ನಿನ್ನಲ್ಲಿ ಒಂದಿಷ್ಟು ಅಸಮಾಧಾನ ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ನಮ್ಮದು ಏನಾಯಿತು ನಿನಗೆ ಗೊತ್ತೇ ಇದೆ. ಕ್ರಿಕೆಟ್ಟಿನಲ್ಲಿ ಎಷ್ಟು ಜನ ಎಂದು ಕೇಳಿದರೆ ನಮ್ಮನೆಯವರು, ಆಡೋರಾ ನೋಡೋರಾ ಎಂದು ತಿರುಗಿ ಕೇಳಿದರು. ಅಲ್ಲಿಗೆ ಮುಗಿಯಿತು. ನೀವು ಆಯ್ಕೆಯಾದಿರಿ.

ಇನ್ನು ಟೀವಿಯಲ್ಲಿ ಬಂದ ದಿನದ ಮಾತು. ನಮ್ಮ ಓಣಿಯಲ್ಲಿ ಟೀವಿ ಇರುವುದು ಬಟ್ಟೆ ಅಂಗಡಿ ನಿಯಾಜ್ ಅಹಮದರ ಮನೆಯಲ್ಲಿ. ಅವರ ಹೆಂಡತಿ ಗುಲ್ಜಾರ್‌ಬೀ ಎರಡು ಚಾಪೆ ಹಾಸಿ ಓಣಿಯವರನ್ನೆಲ್ಲ ಕರೆದಿದ್ದಳು. ಹಾಲಿನ ಚೌಡಕ್ಕನ ಬಾಯಿ ನಿನಗೆ ಗೊತ್ತಲ್ಲ, "ತಂಗಿ ಟೀವಿಯಾಗೆ, ಅಕ್ಕ ಚಾಪೆ ಮ್ಯಾಗೆ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಣ್ಣ ಕಾಣದ ಟೀವಿ ಅದು. ಆದರೂ ನೀನು ಉಟ್ಟದ್ದು ಹಸಿರು ಇಳಕಲ್ ಸೀರೆ ಎಂದು ನನಗೊಬ್ಬಳಿಗೇ ಗೊತ್ತು. ಅವ್ವ ಅದನ್ನು ನಿನಗೆ ಕೊಟ್ಟಾಗ ಪಕ್ಕದಲ್ಲೇ ನಿಂತಿದ್ದೆನಲ್ಲ.

ನದಿ ಯಾವುದು, ಅಣೆಕಟ್ಟು ಯಾವುದು, ನೀನು ಪಟಪಟ ಹೇಳಿದೆ. ನೀನು ಒಂದೊಂದು ಉತ್ತರ ಹೇಳಿದಾಗಲೂ ಮೇಷ್ಟ್ರು ನಿನ್ನ ಕಡೆ ನೋಡಿ ನಗುತ್ತಿದ್ದರು. ನಮ್ಮನೆಯವರು ಮೂವತ್ತು ವರ್ಷದಲ್ಲಿ ಊಟಕ್ಕೆ ಕೂತು ತಲೆಯೆತ್ತಿ ನನ್ನನ್ನು ನೋಡುವುದು ಸಾರಿಗೆ ಉಪ್ಪು ಜಾಸ್ತಿಯಾದಾಗ ಮಾತ್ರ. ಅದನ್ನೂ ಬರೆದುಬಿಟ್ಟೆ, ಇರಲಿ.

ಆಗ ಪ್ರಶ್ನೆ ಕೇಳುವ ಹೆಣ್ಣುಮಗಳು ಕೈಯಲ್ಲಿದ್ದ ಕಾಗದ ನೋಡಿ, "ತವರಿಗೆ ನೀವು ಒಬ್ಬಳೇ ಮಗಳಂತೆ, ತುಂಬಾ ಮುದ್ದಿನಿಂದ ಬೆಳೆದಿರಬೇಕು" ಎಂದಳು. ನೀನು ಮೇಷ್ಟ್ರ ಮುಖ ನೋಡಿದೆ. ಆಮೇಲೆ ತಲೆ ತಗ್ಗಿಸಿ ಹೂಂ ಎಂದೆ. ಚಾಪೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

ಮುಂದಿನ ಪ್ರಶ್ನೆ ಷಟ್ಸ್ಥಲಗಳಲ್ಲಿ ಮೊದಲನೆಯದು ಯಾವುದು ಎಂದು. ಸವಳಂಗದಲ್ಲಿ ಅಪ್ಪ ಊಟಕ್ಕೆ ಮುಂಚೆ ನಮ್ಮಿಬ್ಬರಿಂದ ದಿನಾ ಹೇಳಿಸುತ್ತಿದ್ದರು, ಭಕ್ತ, ಮಹೇಶ, ಪ್ರಸಾದಿ ಎಂದು. ನಿನಗೆ ಬಾಯಿ ಬರಲಿಲ್ಲ. ಗಂಟೆ ಹೊಡೆಯಿತು. ಆ ಒಂದು ಉತ್ತರಕ್ಕೆ ನೀವು ಸೋತಿರಿ. ನಾನು ಚಾಪೆಯ ಮೇಲೆ ಕೂತು ಭಕ್ತ ಎಂದು ಗಟ್ಟಿಯಾಗಿ ಹೇಳಿದೆ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ಹೇಳುತ್ತೇನೆ, ನೀನು ಸೋತಾಗ ನನ್ನ ಹೊಟ್ಟೆ ತಣ್ಣಗಾಯಿತು.

ನಿನ್ನ ಮೂರು ಕಾಗದದಲ್ಲೂ ಒಂದೇ ಮಾತು. ಅರ್ಜಿ ಬರೆದದ್ದು ಮೇಷ್ಟ್ರು, ಒಬ್ಬಳೇ ಮಗಳೆಂದು ಬರೆದವರೂ ಅವರೇ, ಕೇಳಿದರೆ ನಾನಲ್ಲ ಎಂದು ಸುಳ್ಳು ಹೇಳುತ್ತಾರೆ ಎಂದಿದ್ದೀಯ. "ನನ್ನ ಅಕ್ಕಯ್ಯನ್ನೇ ಇಲ್ಲ ಅನ್ನಿಸಿದ ಮನುಷ್ಯನ ಕೂಡ ಏನು ಮಾತು" ಎಂದು ಮಾತು ಬಿಟ್ಟಿದ್ದೀಯ. ಅವರು ತಟ್ಟೆ ತೆಗೆದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತು ಉಣ್ಣುತ್ತಾರೆಂದು ನೀಲಾಂಬಿಕೆ ಬೇರೆ ಒಂದು ಸಾಲು ಸೇರಿಸಿದ್ದಾಳೆ. ಗಂಡ ಹೆಂಡಿರ ನಡುವೆ ನಾನು ಏನು ಹೇಳಲಿ. ಸಿಟ್ಟು ಸ್ವಲ್ಪ ಇಳಿಸು.

ವೀರಭದ್ರಸ್ವಾಮಿ ನಿನ್ನ ಮನೆಯ ಒಲೆ, ದೀಪ ಎರಡನ್ನೂ ಆರದಂತೆ ಕಾಯಲಿ. ನೀಲಾಂಬಿಕೆಗೆ ಒಳ್ಳೆಯ ಮನೆ ಸಿಗಲಿ. ಮೇಷ್ಟ್ರಿಗೆ ನನ್ನ ಶರಣು ತಿಳಿಸು.

ಇಂತಿ ನಿನ್ನ ಅಕ್ಕ
ಕೊಟ್ರಮ್ಮ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಮೇಷ್ಟ್ರು ಸುಳ್ಳು ಹೇಳಿಲ್ಲ, ಕಸ್ತೂರಿ. ದಾವಣಗೆರೆಯಲ್ಲಿ ನೀನು ಮಗಳ ಜೊತೆ ನೀರು ಕುಡಿಯಲು ನಲ್ಲಿಯ ಕಡೆ ಹೋದೆಯಲ್ಲ, ಆಗ ಅರ್ಜಿ ನೋಡುತ್ತಿದ್ದ ಗುಮಾಸ್ತ ನನಗೆ, ಆ ಹೊನ್ನಾಳಿಯವರು ನಿಮಗೇನಾಗಬೇಕು, ಒಡಹುಟ್ಟಿದವರ ಮನೆ ಎರಡು ಬಂದರೆ ಒಂದನ್ನೇ ತಗೊಳ್ಳೋದು ಎಂದ. ಯಾವುದನ್ನು ತಗೊಳ್ಳುತ್ತಾನೆ ಎಂದು ನನಗೆ ಗೊತ್ತಿಲ್ಲವೇ. "ಏನೂ ಆಗಬೇಕಿಲ್ಲ ಸ್ವಾಮಿ, ಬಸ್ಸಿನಾಗೆ ಪರಿಚಯ ಆದೋರು. ಅವರ ತವರಿಗೆ ಅವರೊಬ್ಬರೇ ಮಗಳಂತೆ" ಎಂದೆ. ನನ್ನ ಕಣ್ಣೆದುರಿಗೇ ನಿನ್ನ ಅರ್ಜಿಯ ಮೇಲೆ ಕೆಂಪು ಮಸಿಯಲ್ಲಿ ಬರೆದುಕೊಂಡ. ಇದನ್ನು ಮೇಷ್ಟ್ರಿಗೆ ನೀನೇ ಓದಿ ಹೇಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟರೂ ಸರಿ.

ಅವತ್ತು ನಲ್ಲಿಯಿಂದ ಬರುವಾಗ ನನಗೂ ಒಂದು ಲೋಟ ನೀರು ಹಿಡಿದುಕೊಂಡು ಬಂದಿದ್ದೆ ನೀನು. ಈಸಿಕೊಂಡು ಕುಡಿದೆ.