ಹಿಮದ ಮೇಲೆ ಒಂದು ಹಿಡಿ ಭಂಡಾರ

ನಾದಿನಿ ಮೈಲಮ್ಮನಿಗೆ, ಆಲ್ಪ್ಸ್ ಪರ್ವತದ ತುದಿಯಿಂದ ನಿನ್ನ ಭಾವ ತಾಯಪ್ಪನ ಆಶೀರ್ವಾದ.

ಉಣ್ಣೆ ಕೆಲಸ ನೋಡಲು ಬಂದ ನಮ್ಮ ಮಕ್ತಲ್ ಕುರಿಗಾರರನ್ನು ಇವತ್ತು ರಜೆಯೆಂದು ಕೇಬಲ್ ಕಾರಿನಲ್ಲಿ ಮೇಲಕ್ಕೆ ಏರಿಸಿದರು. ಮೊದಲು ಈ ತಂತಿಯ ಮೇಲೆ ಹುಲ್ಲು, ಹಾಲಿನ ಡಬ್ಬಿ ಇಳಿಸುತ್ತಿದ್ದರಂತೆ. ಆಮೇಲೆ ಸ್ಕೀ ಆಟ ಬಂದು ಜನರನ್ನೇ ಏರಿಸತೊಡಗಿದರಂತೆ. ಏರಿದವರು ಕೂಡಲೇ ಜಾರಿಕೊಂಡು ಕೆಳಗೆ ಹೋಗುತ್ತಾರೆ. ಹಾಗಾದರೆ ಏರಿದ್ದು ಯಾಕೋ, ನನಗಂತೂ ತಿಳಿಯಲಿಲ್ಲ.

ನನ್ನ ಮೊಣಕಾಲು ನೆಟ್ಟಗಾದರೆ ನನ್ನನ್ನು ನಡೆಸಿಯೇ ಗುಡ್ಡ ಏರಿಸಿ ಮೈಲಾರಲಿಂಗನಿಗೆ ಅರಿಶಿನದ ಭಂಡಾರ ಹಾರಿಸುತ್ತೇನೆಂದು ನಿನ್ನ ಅಕ್ಕ ಹೊತ್ತಿದ್ದ ಹರಕೆ, ಅವಳು ಹೋದ ಮೇಲೂ ಹಾಗೇ ಉಳಿದಿತ್ತಲ್ಲ. ನೀನು ಕಟ್ಟಿಕೊಟ್ಟ ಚೀಲದಿಂದ ಒಂದು ಹಿಡಿ ಇಲ್ಲಿಯೇ ಹಾರಿಸಿದೆ. ನೋಡಿದರೆ ಅದು ಸ್ಕೀ ಪಂದ್ಯದ ದಾರಿ.

"ಎಲ್ಲಿ ಬೇಕಲ್ಲಿ ಚೆಲ್ಲಬ್ಯಾಡ್ರಿ ಮಾಮಾ, ಇದೇನು ನಮ್ಮ ಮೈಲಾರ ಗುಡ್ಡ ಐತೇನ್ರೀ?" ಎಂದ ನಮ್ಮ ಕುರಿಗಾರರ ಸಂಘದ ಬಾಲರಾಜ್. ಪಂದ್ಯ ನಡೆಸುವ ಮೇಡಮ್ಮು ಓಡಿಬಂದರು. ಕಾಲೇಜಿನ ಇಂಗ್ಲಿಷಿನಲ್ಲಿ "ಆಯ್ ಬೆಗ್ ಟು ಸ್ಟೇಟ್, ಮೇಡಮ್" ಎಂದೆ, ಮುಂದಿನದು ಮರೆತಿತ್ತು. ತಿರುವಿನ ಗುರುತು ಎಂದುಕೊಂಡರೋ ಏನೋ, ಅಳಿಸದೆ ಬಿಟ್ಟರು. ಆಮೇಲೆ ಬಂದ ಆಟಗಾರರೆಲ್ಲ ಆ ಹಳದಿಯ ಹತ್ತಿರ ಮೊಣಕಾಲು ಮಡಚಿ, ಬಗ್ಗಿ ತಿರುಗಿದರು.

ಆದರೆ ನಾನು ನಡೆದು ಏರಲಿಲ್ಲ, ತಂತಿ ಏರಿಸಿತು. ಸಂಜೆಯಿಂದ ಮೊಣಕಾಲು ಮತ್ತೆ ಹಿಡಿದಿದೆ, ಅದಕ್ಕೇ ಗುಮಾನಿ. ಹರಕೆ ಮುಟ್ಟಿತೋ ಇಲ್ಲವೋ ಪೂಜಾರಿಯನ್ನು ಕೇಳಿಡು. ಅರ್ಧ ಚೀಲ ಉಳಿಸಿದ್ದೇನೆ. ಮುಟ್ಟಿಲ್ಲವೆಂದರೆ ನಮ್ಮೂರ ಗುಡ್ಡವನ್ನೇ ನಡೆದು ಏರುತ್ತೇನೆ, ಕೈಹಿಡಿಯಲು ನೀನು ಬರಬೇಕು. ಕೆಳಗಿಳಿಯುವ ಕೊನೆಯ ಕೇಬಲ್ ಕಾರು ಹೊರಡುತ್ತಿದೆ, ಇಲ್ಲಿಗೇ ನಿಲ್ಲಿಸುತ್ತೇನೆ.

ತಾಯಪ್ಪ